ಮಾತು ಒಣಗದಂತೆ ನೋಡಿಕೊಳ್ಳುವುದು ಹೇಗೆ

"ಅವನು ಕೆಟ್ಟದ್ದೇನೂ ಹೇಳಲಿಲ್ಲ. ಆದರೂ ಮನಸ್ಸಿಗೆ ಏನೋ ಆಯಿತು." ಮಗನ ಫೋನ್ ಬಂದುಹೋದ ಮೇಲೆ ತಾಯಿ, ವೈದ್ಯರ ಕೊಠಡಿಯಿಂದ ಹೊರಬಂದ ರೋಗಿ, ಕಚೇರಿಯ ಪತ್ರವನ್ನು ಓದಿ ಮಡಿಸಿಟ್ಟ ಪಿಂಚಣಿದಾರರು ಹೇಳುವ ಮಾತು ಹೆಚ್ಚುಕಡಿಮೆ ಇದೇ. ಬೈಗುಳವಾದರೆ ಇಂಥ ಪದ ಆಡಿದ ಎಂದು ತೋರಿಸಬಹುದು, ಎದುರು ಮಾತನಾಡಬಹುದು. ಒಣ ಮಾತಿನಲ್ಲಿ ಬೆರಳಿಟ್ಟು ತೋರಿಸಲು ಏನೂ ಸಿಗುವುದಿಲ್ಲ. ಒಂದೊಂದು ಪದವೂ ಸರಿಯಾಗಿಯೇ ಇರುತ್ತದೆ. ಹಾಗಾಗಿ ನೊಂದವರು ತಮ್ಮ ನೋವನ್ನೇ ಅನುಮಾನಿಸುತ್ತಾರೆ. ಆಡಿದವರಿಗೆ ತಾವು ನೋಯಿಸಿದ್ದು ತಿಳಿಯುವುದೇ ಇಲ್ಲ.

ಕಚೇರಿಯ ಪತ್ರಗಳು, ಸೂಚನಾ ಫಲಕಗಳು, ಗ್ರಾಹಕರ ದೂರಿಗೆ ಕೊಡುವ ಉತ್ತರಗಳು, ಇವುಗಳ ಕರಡು ತಿದ್ದುವುದು ಬಹಳ ಕಾಲದಿಂದ ನನ್ನ ಕೆಲಸ. ಈ ಕೆಲಸದಲ್ಲಿ ನನಗೆ ಖಚಿತವಾದ ಸಂಗತಿ ಒಂದಿದೆ. ಒಣ ಮಾತನಾಡುವವರಲ್ಲಿ ಹೆಚ್ಚಿನವರಿಗೆ ಕಾಳಜಿ ಇರುತ್ತದೆ. ಅದು ಮನಸ್ಸಿನಲ್ಲೇ ಉಳಿದು ವಾಕ್ಯದೊಳಕ್ಕೆ ಬಂದಿರುವುದಿಲ್ಲ, ಅಷ್ಟೇ. ಅದನ್ನು ವಾಕ್ಯಕ್ಕೆ ತರಲು ಸಕ್ಕರೆಯಂಥ ಮಾತು ಕಲಿಯಬೇಕಾಗಿಲ್ಲ. ಎದುರಿಗಿರುವವರು ಯಾರು, ಅವರಿಗೆ ಏನಾಗಿದೆ ಎಂಬುದನ್ನು ನೀವು ಗಮನಿಸಿದ್ದೀರಿ ಎನ್ನುವುದಕ್ಕೆ ಮಾತಿನಲ್ಲಿ ಒಂದು ಗುರುತು ಇರಬೇಕು. ಆ ಗುರುತು ಎಲ್ಲೆಲ್ಲಿ ಜಾರಿಹೋಗುತ್ತದೆ, ಅದನ್ನು ಹೇಗೆ ಉಳಿಸಿಕೊಳ್ಳಬೇಕು ಎಂಬುದಕ್ಕೆ ಈ ಲೇಖನ.

ಮೊದಲ ಹಂತ: ನಿಮ್ಮ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ

ಕಳೆದ ವಾರ ನೀವು ಕಳಿಸಿದ ವಾಟ್ಸ್‌ಆ್ಯಪ್ ಸಂದೇಶಗಳನ್ನು ತೆರೆಯಿರಿ. ಮನೆಯ ಹಿರಿಯರಿಗೆ ಬರೆದದ್ದು, ನಿಮ್ಮ ಕೈಕೆಳಗೆ ಕೆಲಸ ಮಾಡುವವರಿಗೆ ಬರೆದದ್ದು, ನಿಮ್ಮಿಂದ ಏನಾದರೂ ಸಹಾಯ ಕೇಳಿದವರಿಗೆ ಬರೆದದ್ದು, ಹೀಗೆ ಕೆಲವನ್ನು ಆರಿಸಿ. ಇವುಗಳ ಹಿನ್ನೆಲೆ ತಿಳಿಯದ ಒಬ್ಬರಿಂದ ಗಟ್ಟಿಯಾಗಿ ಓದಿಸಿ. ಖಾಸಗಿ ವಿಷಯವಿದ್ದರೆ ಮೊಬೈಲಿನ ಯಂತ್ರಧ್ವನಿಯಿಂದಲೇ ಓದಿಸಿದರೂ ಆಗುತ್ತದೆ. ನೀವೇ ಓದಿಕೊಂಡರೆ ಪ್ರಯೋಜನವಿಲ್ಲ. ಬರೆಯುವಾಗ ಕಿವಿಯಲ್ಲಿ ಕೇಳಿದ ನಿಮ್ಮದೇ ದನಿ ಓದುವಾಗಲೂ ಕೇಳುತ್ತದೆ. ಪಡೆದವರಿಗೆ ಆ ದನಿ ತಲುಪಿಲ್ಲ.

ಇದು ಬರಿಯ ಊಹೆಯಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಜಸ್ಟಿನ್ ಕ್ರೂಗರ್, ನಿಕೋಲಸ್ ಎಪ್ಲಿ ಮತ್ತು ಅವರ ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಕೆಲವು ವಾಕ್ಯಗಳನ್ನು ಗಂಭೀರವಾಗಿ, ಕೆಲವನ್ನು ವ್ಯಂಗ್ಯವಾಗಿ ಇನ್ನೊಬ್ಬರಿಗೆ ಮುಟ್ಟಿಸಬೇಕಿತ್ತು. ಇಮೇಲ್‌ನಲ್ಲಾದರೂ ಧ್ವನಿಯಲ್ಲಾದರೂ ನೂರಕ್ಕೆ ಸುಮಾರು 78ರಷ್ಟು ಸಲ ತಮ್ಮ ಭಾವ ಸರಿಯಾಗಿ ಮುಟ್ಟುತ್ತದೆ ಎಂದು ಕಳಿಸುವವರು ನಂಬಿದ್ದರು. ಧ್ವನಿ ಕೇಳಿದವರು ಆ ನಿರೀಕ್ಷೆಯ ಹತ್ತಿರಕ್ಕೆ ಬಂದರು. ಇಮೇಲ್ ಓದಿದವರು ಸರಿಯಾಗಿ ಗುರುತಿಸಿದ್ದು ಸುಮಾರು 56ರಷ್ಟು ಸಲ ಮಾತ್ರ. ಕಣ್ಣು ಮುಚ್ಚಿ ಊಹಿಸಿದ್ದರೂ 50 ಬರುತ್ತಿತ್ತು.

ಇನ್ನೊಂದು ಅಂಕಿ ಭಾಷಣ ಕಲಿಸುವವರ ಬಾಯಲ್ಲಿ ಸದಾ ಇರುತ್ತದೆ: ಮಾತಿನಲ್ಲಿ ಪದಗಳ ಪಾಲು ನೂರಕ್ಕೆ 7, ಉಳಿದ 93 ದನಿ ಮತ್ತು ಮುಖಭಾವದ್ದು ಎಂದು. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರೇಬಿಯನ್ 1967ರಲ್ಲಿ ಮಾಡಿದ ಪ್ರಯೋಗಗಳಿಂದ ಹುಟ್ಟಿದ ಅಂಕಿ ಅದು. ಅಲ್ಲಿ ಕೇಳಿಸಿದ್ದು ಬಿಡಿ ಪದಗಳನ್ನು. ಇಷ್ಟ, ಅನಿಷ್ಟಗಳನ್ನು ಹೇಳುವ ಮಾತಿಗೆ ಮಾತ್ರ ಅದು ಅನ್ವಯಿಸುತ್ತದೆ, ಎಲ್ಲ ಮಾತಿಗೂ ಅಲ್ಲ ಎಂದು ಅವರೇ ಸ್ಪಷ್ಟಪಡಿಸಿದ್ದರು. ಆದ್ದರಿಂದ "ದನಿ ಸರಿಮಾಡಿಕೊಂಡರೆ ಸಾಕು, ಪದ ಯಾವುದಾದರೇನು" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದರಲ್ಲೂ ಕನ್ನಡದಲ್ಲಿ ಕ್ರಿಯಾಪದದ ಒಂದು ಪ್ರತ್ಯಯವೇ ಬಹಳಷ್ಟನ್ನು ಹೇಳಿಬಿಡುತ್ತದೆ.

ಓದಿಸುವಾಗ ಕೇಳಿಸಿಕೊಳ್ಳಬೇಕಾದ್ದು ಇಷ್ಟು: ಈ ಸಂದೇಶವನ್ನು ಹೀಗೆಯೇ ಬೇರೆ ಯಾರಿಗಾದರೂ ಕಳಿಸಬಹುದಿತ್ತೇ? ಹೌದಾದರೆ, ಪಡೆದವರಿಗೂ ಹಾಗೆಯೇ ಅನಿಸಿರುತ್ತದೆ.

ಎರಡನೆಯ ಹಂತ: ಕರೆಯುವ ಬಗೆ ನೋಡಿಕೊಳ್ಳಿ

ನೀನು, ನೀವು, ತಾವು. ಅಮ್ಮ, ಅಣ್ಣ, ಅಕ್ಕ. ಕಣೋ, ಕಣೇ, ರೀ. ಇವುಗಳಲ್ಲಿ ಯಾವುದು ಆಪ್ತ, ಯಾವುದು ದೂರ ಎಂದು ಪಟ್ಟಿ ಮಾಡಿ ಕೊಡುವುದು ಸಾಧ್ಯವಿಲ್ಲ. ಒಂದು ಮನೆಯಲ್ಲಿ ತಾಯಿಗೆ ನೀನು, ತಂದೆಗೆ ನೀವು. ಪಕ್ಕದ ಮನೆಯಲ್ಲಿ ಇಬ್ಬರಿಗೂ ನೀನು. ಉತ್ತರ ಕರ್ನಾಟಕದಲ್ಲಿ ಅಪರಿಚಿತರೊಂದಿಗೆ ಕ್ರಿಯಾಪದದ ಕೊನೆಗೆ ರಿ ಸೇರದಿದ್ದರೆ ಮಾತು ಒರಟಾಗಿ ಕೇಳುತ್ತದೆ. ಜನ ಗಮನಿಸುವುದು ಬದಲಾವಣೆಯನ್ನು. ನೀನು ಎನ್ನುತ್ತಿದ್ದ ಗೆಳತಿ ಒಂದು ಬೆಳಿಗ್ಗೆ "ನಿಮಗೆ ಹೇಗೆ ಅನುಕೂಲವೋ ಹಾಗೆ ಮಾಡಿ" ಎಂದು ಬರೆದರೆ ಅದರಲ್ಲಿ ಒಂದು ಕೆಟ್ಟ ಪದವೂ ಇಲ್ಲ. ಆದರೆ ಬಾಗಿಲು ಮುಚ್ಚಿದ್ದು ಕೇಳಿಸುತ್ತದೆ.

ಜಗಳವಾದ ಮನೆಗಳಲ್ಲಿ ಇನ್ನೂ ಒಂದು ಮೆಟ್ಟಿಲಿದೆ: ಕರೆಯುವುದನ್ನೇ ಬಿಟ್ಟುಬಿಡುವುದು. "ಊಟ ಮಾಡುವವರು ಮಾಡಬಹುದು" ಎಂದು ಗೋಡೆಗೆ ಹೇಳುವುದು. ಎದುರಿಗೇ ಕುಳಿತಿರುವ ಗಂಡನಿಗೆ ಮಗುವಿನ ಮೂಲಕ "ನಿಮ್ಮಪ್ಪನಿಗೆ ಹೇಳು" ಎನ್ನುವುದು. ಎರಡು ದಿನದಲ್ಲಿ ಕರಗುವ ಮುನಿಸಿನಲ್ಲಿ ಇದು ನಡೆಯುತ್ತದೆ, ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ವರ್ಷಗಟ್ಟಲೆ ಮುಂದುವರಿದಾಗ ಮಾತ್ರ ಅದು ಆ ಮನೆಯ ಭಾಷೆಯೇ ಆಗಿಬಿಡುತ್ತದೆ. ಮಕ್ಕಳು ಅದನ್ನು ಕಲಿಯುತ್ತಾರೆ.

ಮಾಡಬೇಕಾದದ್ದು ಸರಳ. ಅವಸರದಲ್ಲಿದ್ದರೂ, ಸಿಟ್ಟಿನಲ್ಲಿದ್ದರೂ, ನೀವು ಅವರನ್ನು ಎಂದಿನಂತೆ ಕರೆಯುವ ಬಗೆಯನ್ನು ಬಿಡಬೇಡಿ. "ಹಣ ಕಳಿಸಿದ್ದೇನೆ" ಎನ್ನುವುದಕ್ಕೂ "ಅಮ್ಮಾ, ಹಣ ಕಳಿಸಿದ್ದೇನೆ" ಎನ್ನುವುದಕ್ಕೂ ನಡುವೆ ಇರುವುದು ಒಂದೇ ಪದ. ಆ ಪದವಿಲ್ಲದ ಸಂದೇಶ ಬ್ಯಾಂಕಿನಿಂದಲೂ ಬಂದಿರುತ್ತದೆ.

ಆಸ್ಪತ್ರೆ, ಪೊಲೀಸ್ ಠಾಣೆ, ಬ್ಯಾಂಕುಗಳಲ್ಲಿ ಮನುಷ್ಯರಿಗೆ ಇಡುವ ಹೆಸರುಗಳ ಬಗೆಗೂ ಒಂದು ಮಾತು ಹೇಳಲೇಬೇಕು. ಪಾರ್ಟಿ, ಕೇಸು, ಬೆಡ್ ನಂಬರ್ 12. ಕೆಲಸದವರು ತಮ್ಮತಮ್ಮೊಳಗೆ ಹಾಗೆ ಹೇಳಿಕೊಳ್ಳುವುದು ಅನುಕೂಲಕ್ಕಾಗಿ. ಆದರೆ ತಾಯಿಯನ್ನು ಕಳೆದುಕೊಂಡು ಅರ್ಧ ಗಂಟೆಯೂ ಆಗಿರದ ಮಗಳಿಗೆ "ಬಾಡಿ ಯಾವಾಗ ತೆಗೆದುಕೊಂಡು ಹೋಗುತ್ತೀರಿ?" ಎಂದು ಕೇಳುವುದನ್ನು ಅನುಕೂಲ ಎನ್ನಲಾಗದು. "ಅಮ್ಮನನ್ನು ಯಾವಾಗ ಕರೆದುಕೊಂಡು ಹೋಗುತ್ತೀರಿ?" ಎಂದು ಕೇಳಲು ಹೆಚ್ಚಿನ ಸಮಯ ಹಿಡಿಯುವುದಿಲ್ಲ, ತರಬೇತಿಯೂ ಬೇಕಿಲ್ಲ. ಆ ಮಗಳು ಈ ಎರಡರಲ್ಲಿ ಯಾವ ವಾಕ್ಯವನ್ನು ಕೇಳಿದಳೋ ಅದನ್ನು ಬಹುಕಾಲ ಮರೆಯುವುದಿಲ್ಲ.

ಮೂರನೆಯ ಹಂತ: ಕ್ರಿಯಾಪದವನ್ನು ತಟ್ಟಿ ನೋಡಿ

ಕನ್ನಡದಲ್ಲಿ ಒಣತನ ಹೆಚ್ಚಾಗಿ ಅಡಗಿರುವುದು ಇಲ್ಲಿ. ಹಾಗಾಗಿ ಈ ಹಂತಕ್ಕೆ ಹೆಚ್ಚು ಸಮಯ ಕೊಡಿ.

ಮೊದಲು "ಲಾಗಿದೆ". "ನಿಮ್ಮ ಅರ್ಜಿಯನ್ನು ತಿರಸ್ಕರಿಸಲಾಗಿದೆ." "ಸೂಕ್ತ ಕ್ರಮ ಕೈಗೊಳ್ಳಲಾಗುವುದು." "ಈ ಮೂಲಕ ತಿಳಿಸಲಾಗಿದೆ." ಯಾರು ತಿರಸ್ಕರಿಸಿದರು, ಯಾರು ಕ್ರಮ ಕೈಗೊಳ್ಳುತ್ತಾರೆ, ಯಾರು ತಿಳಿಸಿದರು? ವಾಕ್ಯದಲ್ಲಿ ಮನುಷ್ಯರೇ ಇಲ್ಲ. ಮನೆಯಲ್ಲಿ ಯಾರೂ "ಅನ್ನ ಮಾಡಲಾಗಿದೆ, ಸಾರನ್ನು ಬಿಸಿ ಮಾಡಲಾಗುವುದು" ಎನ್ನುವುದಿಲ್ಲ. ಇದು ಕಡತದಲ್ಲಿ ಹುಟ್ಟಿ ಬೆಳೆದ ಭಾಷೆ. ಆದೇಶ, ವರದಿಗಳಲ್ಲಿ ಇದಕ್ಕೆ ಕೆಲಸವಿದೆ. ಅಲ್ಲಿ ಮಾಡಿದವರು ಯಾರು ಎಂಬುದು ಮುಖ್ಯವಲ್ಲದಿರಬಹುದು. ಒಬ್ಬ ವ್ಯಕ್ತಿಗೆ ಬರೆಯುವ ಪತ್ರದಲ್ಲಿ ಮಾತ್ರ "ನಾವು ನಿಮ್ಮ ಅರ್ಜಿಯನ್ನು ನೋಡಿದೆವು, ಈ ಕಾರಣಕ್ಕೆ ಒಪ್ಪಲು ಆಗಲಿಲ್ಲ" ಎಂದು ಬರೆಯಿರಿ. ಸುದ್ದಿ ಅದೇ. ಆದರೆ ಓದಿದವರಿಗೆ ಇನ್ನೊಂದು ಪ್ರಶ್ನೆ ಕೇಳಲು ಒಬ್ಬ ಮನುಷ್ಯ ಕಾಣಿಸುತ್ತಾನೆ.

ಎರಡನೆಯದು "ಕೊಡು" ಮತ್ತು "ಕೊಳ್ಳು". "ಮಾಡುತ್ತೇನೆ" ಎನ್ನುವುದು ಕೆಲಸದ ಮಾತು. "ಮಾಡಿಕೊಡುತ್ತೇನೆ" ಎಂದರೆ ನಿಮಗಾಗಿ ಮಾಡುತ್ತೇನೆ ಎಂದಾಯಿತು. "ಬರೆಯುತ್ತೇನೆ, ಬರೆದುಕೊಡುತ್ತೇನೆ", "ಹೇಳುತ್ತೇನೆ, ಹೇಳಿಕೊಡುತ್ತೇನೆ" ಎಲ್ಲವೂ ಹೀಗೆಯೇ. ಇದಕ್ಕೆ ತಿರುಗುಮುರುಗಾಗಿ ಕೊಳ್ಳು ಕೆಲವು ಕಡೆ ಎದುರಿನವರನ್ನು ಅವರ ಪಾಡಿಗೆ ಬಿಡುತ್ತದೆ. ಹಸಿದು ಬಂದವರಿಗೆ "ಬಾ, ಬಡಿಸುತ್ತೇನೆ" ಎನ್ನುವುದಕ್ಕೂ "ಅಡುಗೆಮನೆಯಲ್ಲಿದೆ, ಬಡಿಸಿಕೋ" ಎನ್ನುವುದಕ್ಕೂ ಇರುವ ಅಂತರ ಕನ್ನಡದ ಎಲ್ಲ ಮನೆಗಳಿಗೂ ಗೊತ್ತು. ಬ್ಯಾಂಕಿನ ಕೌಂಟರಿನಲ್ಲಿ "ಫಾರಂ ತುಂಬಿಕೊಂಡು ಬನ್ನಿ" ಎಂದರೆ ಮುಗಿಯಿತು. "ಇಲ್ಲಿ ಎರಡು ಕಡೆ ಸಹಿ ಬೇಕು, ಗುರುತು ಹಾಕಿಕೊಡುತ್ತೇನೆ" ಎಂದವರನ್ನು ಹಳ್ಳಿಯಿಂದ ಬಂದ ಹಿರಿಯರು ಮುಂದಿನ ಸಲವೂ ಹುಡುಕಿಕೊಂಡು ಬರುತ್ತಾರೆ.

ಮೂರನೆಯದು "ಅಂತೆ". ಕೇಳಿ ತಿಳಿದ ಸುದ್ದಿಗೆ ಅಂತೆ ಸೇರಿಸುವುದು ಪ್ರಾಮಾಣಿಕತೆ, ತಪ್ಪೇನಿಲ್ಲ. ಆದರೆ ಎದುರಿಗೆ ಕುಳಿತ ಮನುಷ್ಯನ ನೋವಿಗೆ ಅಂತೆ ಹಚ್ಚಿದರೆ ಅದು ವದಂತಿಯ ದರ್ಜೆಗೆ ಇಳಿಯುತ್ತದೆ. "ಇವರಿಗೆ ರಾತ್ರಿಯೆಲ್ಲ ನಿದ್ದೆ ಬರುವುದಿಲ್ಲವಂತೆ" ಎಂದು ಸೊಸೆಯೋ ಮಗನೋ ವೈದ್ಯರಿಗೆ ಹೇಳುವಾಗ ಪಕ್ಕದಲ್ಲಿರುವ ಮುದುಕಿಯ ಮುಖ ನೋಡಿ. ತಾನು ಹೇಳಿದ್ದನ್ನು ಇವರು ನಂಬಿಲ್ಲ ಎಂದು ಆಕೆಗೆ ಅರ್ಥವಾಗಿರುತ್ತದೆ. "ರಾತ್ರಿ ನಿದ್ದೆ ಬರುತ್ತಿಲ್ಲ, ಅಮ್ಮ ನೀನೇ ಹೇಳು" ಎಂದರೆ ಆಕೆಯ ನೋವು ಆಕೆಯ ಬಾಯಿಂದಲೇ ಬರುತ್ತದೆ.

ಕೊನೆಗೆ ಸಣ್ಣ ಪ್ರತ್ಯಯಗಳು. "ನೀನೂ ಬಾ" ಎಂಬುದು ಕರೆ. "ಬೇಕಾದರೆ ಬಾ" ಎಂಬುದು ಬರಬೇಡ ಎನ್ನುವುದರ ಇನ್ನೊಂದು ರೂಪ. "ಬಂದರೆ ಬಾ, ಇಲ್ಲದಿದ್ದರೆ ಇಲ್ಲ" ಎಂದು ಬರೆದವರು ಎದುರಿನವರಿಗೆ ಸ್ವಾತಂತ್ರ್ಯ ಕೊಟ್ಟೆವೆಂದು ತಿಳಿದಿರುತ್ತಾರೆ. ಮದುವೆ, ಗೃಹಪ್ರವೇಶಗಳ ಕರೆಯಲ್ಲಿ ಈ ತಪ್ಪು ಸಂಬಂಧವನ್ನೇ ಕಡಿದುಹಾಕಬಲ್ಲದು. ಒತ್ತಾಯ ಮಾಡಬಾರದು ಎಂಬ ಸದುದ್ದೇಶವಿದ್ದರೆ ಹೀಗೆ ಹೇಳಬಹುದು: "ನೀನು ಬಂದರೆ ನಮಗೆ ಸಂತೋಷ. ಮಂಡಿನೋವಿನಲ್ಲಿ ಅಷ್ಟು ದೂರ ಕಷ್ಟವಾದರೆ ನಾವೇ ಆಮೇಲೆ ಬಂದು ನೋಡುತ್ತೇವೆ." ಇಲ್ಲಿ ಮಂಡಿನೋವು ಎಂಬ ಪದ ಮಾಡುವ ಕೆಲಸವನ್ನು ಗಮನಿಸಿ. ಹತ್ತು ಪ್ರೀತಿಯ ಮಾತುಗಳಿಂದ ಆಗದ್ದು ಅದೊಂದರಿಂದ ಆಗುತ್ತದೆ.

ನಾಲ್ಕನೆಯ ಹಂತ: ಉತ್ತರದ ಅಳತೆ

ಹೂಂ. ಸರಿ. ನೋಡೋಣ. ನಿಮ್ಮಿಷ್ಟ. ಆಯಿತು ಬಿಡು. ಉದ್ದನೆಯ ಮಾತಿಗೆ ಬರುವ ಇಂಥ ಉತ್ತರಗಳಲ್ಲಿ ಒಣತನ ಇರುವುದು ಚಿಕ್ಕ ಗಾತ್ರದಿಂದಲ್ಲ. ಹೇಳಿದ್ದರಲ್ಲಿ ಯಾವುದು ಮುಟ್ಟಿತು ಎಂಬುದಕ್ಕೆ ಅವುಗಳಲ್ಲಿ ಸಾಕ್ಷಿಯಿರುವುದಿಲ್ಲ. ಹೆಬ್ಬೆರಳಿನ ಚಿತ್ರ ಕಳಿಸುವುದೂ ಹಾಗೆಯೇ. ಸಭೆಯ ಸಮಯ ತಿಳಿಯಿತು ಎನ್ನಲು ಅದು ಚೆನ್ನ. "ಅಪ್ಪನ ರಿಪೋರ್ಟ್ ಬಂತು, ನಾಳೆ ಮತ್ತೆ ಹೋಗಬೇಕಂತೆ" ಎಂಬ ಸಂದೇಶಕ್ಕೆ ಹೆಬ್ಬೆರಳು ತೋರಿಸಬಾರದು.

ಪೂರ್ಣವಿರಾಮದ ವಿಷಯದಲ್ಲೂ ಒಂದು ಕುತೂಹಲದ ಅಧ್ಯಯನವಿದೆ. ಅಮೆರಿಕದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 126 ವಿದ್ಯಾರ್ಥಿಗಳಿಗೆ ಒಂದೇ ಪದದ ಉತ್ತರಗಳನ್ನು ತೋರಿಸಿದರು. ಪೂರ್ಣವಿರಾಮವಿದ್ದ ಮೊಬೈಲ್ ಸಂದೇಶಗಳು, ಅದಿಲ್ಲದವುಗಳಿಗಿಂತ ಕಡಿಮೆ ಪ್ರಾಮಾಣಿಕವಾಗಿ ಕಂಡವು. ಕೈಬರಹದ ಚೀಟಿಯಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. 2015ರ ಕೊನೆಯಲ್ಲಿ ಬಂದ ಈ ಫಲಿತಾಂಶ ಇಂಗ್ಲಿಷ್ ಬಳಸುವ ಎಳೆಯರದ್ದು, ಅದನ್ನು ನಮಗೆ ಹಾಗೆಯೇ ಅನ್ವಯಿಸಿಕೊಳ್ಳಬೇಕಾಗಿಲ್ಲ. ಶಾಲೆಯಲ್ಲಿ ಶುದ್ಧವಾಗಿ ಬರೆಯಲು ಕಲಿತ ನಮ್ಮ ಹಿರಿಯರು "ಸರಿ." ಎಂದು ಪೂರ್ಣವಿರಾಮ ಹಾಕಿ ಕಳಿಸಿದರೆ ಅದು ಶಿಸ್ತು. ಕಾಲೇಜಿನ ಮೊಮ್ಮಗಳು ಅದನ್ನು ಮುನಿಸು ಎಂದು ಓದಿದರೆ, ತಪ್ಪು ಇಬ್ಬರದ್ದೂ ಅಲ್ಲ. ಮನೆಯ ಗುಂಪಿನಲ್ಲಿ ಒಂದು ಸಲ ಈ ವಿಷಯ ಮಾತನಾಡಿಕೊಂಡರೆ ಸಾಕು.

ಉತ್ತರ ಬರೆಯುವಾಗ ಹೀಗೆ ಮಾಡಿ. ಅವರು ಹೇಳಿದ್ದರಲ್ಲಿ ಒಂದು ವಿವರವನ್ನು ಎತ್ತಿಕೊಳ್ಳಿ, ಅದರ ಬಗ್ಗೆ ಒಂದು ಪ್ರಶ್ನೆ ಕೇಳಿ. "ನಾಳೆ ಎಷ್ಟು ಹೊತ್ತಿಗೆ ಹೋಗಬೇಕು? ಜೊತೆಗೆ ಯಾರು ಹೋಗುತ್ತಾರೆ?" ಇಷ್ಟೇ. ಬಿಡುವಿಲ್ಲದಿದ್ದರೆ ಸುಮ್ಮನಿರಬೇಡಿ, ಬಿಡುವು ಯಾವಾಗ ಎಂದು ಬರೆಯಿರಿ: "ಬಸ್ಸಿನಲ್ಲಿದ್ದೇನೆ, ರಾತ್ರಿ ಊಟವಾದ ಮೇಲೆ ಫೋನ್ ಮಾಡುತ್ತೇನೆ." ಮಾಡುತ್ತೇನೆ ಎಂದ ಮೇಲೆ ಮಾಡಬೇಕು. ತಪ್ಪಿದರೆ ಮೊದಲಿನ ಮೌನಕ್ಕಿಂತ ಹೆಚ್ಚು ನೋವಾಗುತ್ತದೆ.

ಎದುರೆದುರು ಮಾತಿನಲ್ಲಿ ಈ ಅಳತೆ ಇನ್ನೂ ಸೂಕ್ಷ್ಮ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನ ಜಪಾನಿ, ಕೊರಿಯನ್, ಡ್ಯಾನಿಷ್, ಇಟಾಲಿಯನ್, ಲಾವೋ ಸೇರಿ 10 ಭಾಷೆಗಳ ಸಂಭಾಷಣೆಗಳನ್ನು ಅಳೆಯಿತು. ಒಬ್ಬರು ಪ್ರಶ್ನೆ ಮುಗಿಸಿ ಇನ್ನೊಬ್ಬರು ಉತ್ತರಿಸುವುದರ ನಡುವಿನ ಅಂತರ ಎಲ್ಲ ಕಡೆಯೂ ಸರಾಸರಿ ಒಂದು ಸೆಕೆಂಡಿಗಿಂತ ಬಹಳ ಕಡಿಮೆ ಇತ್ತು. ಅಷ್ಟು ಬಿರುಸಾಗಿ ನಡೆಯುವ ಆಟದಲ್ಲಿ ಸಣ್ಣ ತಡವೂ ಕಿವಿಗೆ ಬೀಳುತ್ತದೆ; "ಬರುತ್ತೀಯಾ?" ಎಂದ ಮೇಲಿನ ಮೌನವನ್ನು ನಾವು ಇಲ್ಲ ಎಂದೇ ಓದುತ್ತೇವೆ.

ಹೊರದೇಶದಲ್ಲಿರುವ ಮಕ್ಕಳು ಇದನ್ನು ವಿಶೇಷವಾಗಿ ನೆನಪಿಡಬೇಕು. ವಿಡಿಯೋ ಕರೆಯಲ್ಲಿ ಜಾಲದ ತಡದಿಂದ ಈ ಅಂತರ ತಾನಾಗಿಯೇ ಹಿಗ್ಗುತ್ತದೆ, ಮಾತು ಮಾತಿಗೆ ಢಿಕ್ಕಿ ಹೊಡೆಯುತ್ತದೆ. ಅದರ ಮೇಲೆ ಕರೆಯೇ ಒಂದು ತಪಾಸಣೆಯಂತೆ ನಡೆದರೆ ಹೇಗೆ? "ಮಾತ್ರೆ ತೆಗೆದುಕೊಂಡೆಯಾ? ಹಣ ಬಂತಾ? ಕೆಲಸದವಳು ಬಂದಿದ್ದಳಾ? ಸರಿ, ಮುಂದಿನ ವಾರ ಮಾಡುತ್ತೇನೆ." ಪ್ರತಿ ಪ್ರಶ್ನೆಯೂ ಕಾಳಜಿಯಿಂದ ಹುಟ್ಟಿದ್ದು. ಒಟ್ಟು ಕರೆ ಮಾತ್ರ ಒಣ. ಕ್ಯಾಲಿಫೋರ್ನಿಯಾದಲ್ಲಿ ರಾತ್ರಿ ಮಲಗುವ ಮುನ್ನ ಫೋನ್ ಮಾಡಿದರೆ ಮೈಸೂರಿನಲ್ಲಿ ಮರುದಿನದ ಬೆಳಿಗ್ಗೆ. ಒಬ್ಬರು ದಣಿದಿರುತ್ತಾರೆ, ಇನ್ನೊಬ್ಬರು ಆಗತಾನೇ ಕಾಫಿ ಕುಡಿದು ಮಾತನಾಡಲು ಸಿದ್ಧರಾಗಿರುತ್ತಾರೆ. ವಾರದಲ್ಲಿ ಒಂದು ಕರೆಯನ್ನಾದರೂ ತಿರುಗಿಸಿ, ನಿಮ್ಮ ಬೆಳಗಿನ ಹೊತ್ತಿಗೆ ಮಾಡಿ. ಕೇಳುವುದಕ್ಕಿಂತ ಮೊದಲು ನಿಮ್ಮದನ್ನು ಹೇಳಿ: ಇಂದು ಹುಳಿ ಮಾಡಿದೆ, ಹುಣಸೆಹಣ್ಣು ಹೆಚ್ಚಾಯಿತು, ಏನು ಮಾಡುವುದು? ತಾಯಿಗೆ ಬೇಕಾಗಿರುವುದು ಇಂಥ ಪ್ರಶ್ನೆ.

ಮುಖದ ಮಾತನ್ನೂ ಸೇರಿಸಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲಿ ಮಾಡಿದ ಪ್ರಯೋಗದಲ್ಲಿ ಮಗುವಿನೊಂದಿಗೆ ಆಡುತ್ತಿದ್ದ ತಾಯಂದಿರು ಕೆಲವು ನಿಮಿಷ ಮುಖವನ್ನು ಯಾವ ಭಾವವೂ ಇಲ್ಲದಂತೆ ಇಟ್ಟುಕೊಂಡರು. ಬೈಯಲಿಲ್ಲ, ಎದ್ದು ಹೋಗಲಿಲ್ಲ. ಮಕ್ಕಳು ನಕ್ಕು, ಕೈಚಾಚಿ ಅವರನ್ನು ಸೆಳೆಯಲು ನೋಡಿದವು. ಆಗದೇ ಇದ್ದಾಗ ಮುಖ ತಿರುಗಿಸಿ ಮುದುಡಿಕೊಂಡವು. ಮಕ್ಕಳು ಶಾಲೆಯ ಸುದ್ದಿ ಹೇಳುತ್ತಿರುವಾಗ ಮೊಬೈಲ್ ಪರದೆಯಿಂದ ಕಣ್ಣೆತ್ತದೆ "ಹೇಳು, ಕೇಳುತ್ತಿದ್ದೇನೆ" ಎನ್ನುವವರು ಇದನ್ನು ಯೋಚಿಸಬೇಕು.

ಐದನೆಯ ಹಂತ: ಸಾವು, ಕಾಯಿಲೆಗಳ ಹೊತ್ತಿನಲ್ಲಿ

ನಮ್ಮ ಮಾತು ಅತಿ ಹೆಚ್ಚು ಒಣಗುವುದು ಅತಿ ಹೆಚ್ಚು ಆರ್ದ್ರವಾಗಿರಬೇಕಾದ ಜಾಗದಲ್ಲಿಯೇ. ಏನು ಹೇಳಬೇಕೆಂದು ತೋಚದೆ ಸಿದ್ಧ ಮಾತಿಗೆ ಕೈಹಾಕುತ್ತೇವೆ. ಗುಂಪಿನಲ್ಲಿ ಒಬ್ಬರು "ಓಂ ಶಾಂತಿ" ಎಂದರೆ ಕೆಳಗೆ ಮೂವತ್ತು ಜನ ಅದನ್ನೇ ನಕಲು ಮಾಡುತ್ತಾರೆ. ನಡುವೆ ಯಾರೋ ಹುಟ್ಟುಹಬ್ಬದ ಶುಭಾಶಯ ಹಾಕುತ್ತಾರೆ. ಇದು ಕಾಟಾಚಾರವೇ ಎಂದು ಕೇಳಿದರೆ, ಪೂರ್ತಿ ಹಾಗಲ್ಲ. ಸಿದ್ಧ ಮಾತಿಗೂ ಅದರದೇ ಆದ ಮರ್ಯಾದೆಯಿದೆ, ದೂರದ ಪರಿಚಯಕ್ಕೆ ಅದು ಸಾಕು. ಹತ್ತಿರದವರಾದರೆ ಗುಂಪಿನಲ್ಲಿ ಹೇಳಿ ಮುಗಿಸಬೇಡಿ. ಬೇರೆಯಾಗಿ ಬರೆಯಿರಿ, ಸಾಧ್ಯವಿದ್ದರೆ ಹೋಗಿ.

ಸಿದ್ಧ ಮಾತಿಗಿಂತ ಹೆಚ್ಚು ನೋಯಿಸುವುದು ಬೇಗನೆ ಬರುವ ಸಮಾಧಾನ. "ಎಲ್ಲ ವಿಧಿ." "ವಯಸ್ಸಾಗಿತ್ತು, ನರಳದೆ ಹೋದರು." "ಇನ್ನೊಂದು ಮಗುವಾಗುತ್ತದೆ ಬಿಡು." "ನೀನು ಧೈರ್ಯವಾಗಿರಬೇಕು, ನೀನೇ ಹೀಗಾದರೆ ಹೇಗೆ?" ಇವುಗಳಲ್ಲಿ ಸುಳ್ಳಿಲ್ಲದಿರಬಹುದು. ಆದರೆ ಪ್ರತಿಯೊಂದೂ ಅಳುವವರಿಗೆ ಸಾಕು ಎನ್ನುತ್ತದೆ. ನರಳದೆ ಹೋದರು ಎಂಬ ಮಾತನ್ನು ಮಕ್ಕಳೇ ಹೇಳಿದಾಗ ನಾವು ಹೌದೆನ್ನಬಹುದು. ಅವರಿಗಿಂತ ಮೊದಲು ನಾವು ಹೇಳುವಂತಿಲ್ಲ.

ಸಾಂತ್ವನದ ಪತ್ರಕ್ಕೋ ಸಂದೇಶಕ್ಕೋ ನಾನು ಸೂಚಿಸುವ ಕ್ರಮ ಇದು. ತೀರಿಕೊಂಡವರನ್ನು ಹೆಸರಿನಿಂದ ಅಥವಾ ನೀವು ಅವರನ್ನು ಕರೆಯುತ್ತಿದ್ದ ಬಗೆಯಿಂದಲೇ ಕರೆಯಿರಿ. ಅವರ ಬಗ್ಗೆ ನಿಮಗೇ ಗೊತ್ತಿರುವ ಒಂದು ಸಂಗತಿ ಬರೆಯಿರಿ. ನೀವು ಮಾಡಬಲ್ಲ ಒಂದು ಕೆಲಸ ಹೇಳಿ. "ಏನಾದರೂ ಬೇಕಾದರೆ ಹೇಳಿ" ಎಂದು ಬರೆಯಬೇಡಿ. ಶೋಕದಲ್ಲಿರುವವರು ಯಾರಿಗೂ ಫೋನ್ ಮಾಡಿ ಬೇಡುವುದಿಲ್ಲ. ಉದಾಹರಣೆಗೆ:

"ಸುಮಾ, ಚಿಕ್ಕಪ್ಪನ ಸುದ್ದಿ ಈಗ ತಿಳಿಯಿತು. ನಾನು ಪರೀಕ್ಷೆಗೆಂದು ನಿಮ್ಮ ಮನೆಯಲ್ಲಿದ್ದಾಗ ಬೆಳಗಿನ ಜಾವ ಎದ್ದು ನನಗಾಗಿ ಹಾಲು ಕಾಯಿಸಿ ಇಡುತ್ತಿದ್ದರು. ಬೇಡವೆಂದರೂ ಕೇಳುತ್ತಿರಲಿಲ್ಲ. ಗುರುವಾರ ಸಂಜೆ ಬರುತ್ತೇನೆ. ರಾತ್ರಿಯ ಅಡುಗೆ ತರುತ್ತೇನೆ, ನೀವು ಒಲೆ ಹಚ್ಚಬೇಡಿ. ಈ ಸಂದೇಶಕ್ಕೆ ಉತ್ತರ ಬರೆಯಬೇಕಾಗಿಲ್ಲ."

ದುಃಖ, ಆಘಾತ, ಆತ್ಮ, ಭಗವಂತ ಯಾವ ಪದವೂ ಇದರಲ್ಲಿಲ್ಲ. ಓದಿದ ಸುಮಾಳಿಗೆ ಅವುಗಳ ಕೊರತೆ ಕಾಣುವುದಿಲ್ಲ.

ಕೆಟ್ಟ ಸುದ್ದಿಯನ್ನು ತಿಳಿಸುವ ಕೆಲಸ ನಿಮ್ಮ ಪಾಲಿಗೆ ಬಂದರೆ ವೈದ್ಯರ ಒಂದು ಪದ್ಧತಿ ನಮಗೂ ಉಪಯುಕ್ತ. ವಾಲ್ಟರ್ ಬೇಲ್, ರಾಬರ್ಟ್ ಬಕ್‌ಮನ್ ಮತ್ತು ಸಂಗಡಿಗರು ಕ್ಯಾನ್ಸರ್ ತಜ್ಞರಿಗಾಗಿ 2000ದಲ್ಲಿ ಪ್ರಕಟಿಸಿದ ಆರು ಹೆಜ್ಜೆಗಳ ಕ್ರಮ ಅದು. ಸ್ಪೈಕ್ಸ್ ಎಂಬ ಹೆಸರಿನಲ್ಲಿ ಅನೇಕ ಕಡೆ ಕಲಿಸಲಾಗುತ್ತದೆ. ಕುಳಿತುಕೊಳ್ಳಲು ಶಾಂತವಾದ ಜಾಗ ಹುಡುಕುವುದು, ಅವರಿಗೆ ಈಗಾಗಲೇ ಏನು ಗೊತ್ತಿದೆ ಎಂದು ಕೇಳುವುದು, ಎಷ್ಟು ತಿಳಿಯಲು ಬಯಸುತ್ತಾರೆ ಎಂದು ಕೇಳುವುದು, ಆಮೇಲೆ ಸರಳವಾದ ಮಾತಿನಲ್ಲಿ ಹೇಳುವುದು, ಅವರ ಭಾವಕ್ಕೆ ಸ್ಪಂದಿಸುವುದು, ಕೊನೆಗೆ ಮುಂದಿನ ದಾರಿ ತಿಳಿಸುವುದು. ಹೇಳುವುದು ನಾಲ್ಕನೆಯ ಹೆಜ್ಜೆ ಎಂಬುದನ್ನು ನೋಡಿ. ನಾವು ಸಾಮಾನ್ಯವಾಗಿ ಅಲ್ಲಿಂದಲೇ ಆರಂಭಿಸುತ್ತೇವೆ, ನಿಂತುಕೊಂಡು, ಓಣಿಯಲ್ಲಿ.

ಆರನೆಯ ಹಂತ: ಕಚೇರಿಯ ಪತ್ರ

ಒಂದು ಮಾದರಿ ನೋಡಿ. ಪಿಂಚಣಿದಾರರು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರಿನಲ್ಲಿ, ತಾವು ಬದುಕಿದ್ದೇವೆ ಎಂಬ ಪ್ರಮಾಣಪತ್ರ ಕೊಡಬೇಕು. ಕೊಡದಿದ್ದವರಿಗೆ ಹೋಗುವ ಪತ್ರ ಬಹುಮಟ್ಟಿಗೆ ಹೀಗಿರುತ್ತದೆ:

"ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ತಾವು ಜೀವಂತ ಪ್ರಮಾಣಪತ್ರವನ್ನು ನಿಗದಿತ ಅವಧಿಯೊಳಗೆ ಸಲ್ಲಿಸದೇ ಇರುವುದರಿಂದ ಪಿಂಚಣಿಯನ್ನು ಸ್ಥಗಿತಗೊಳಿಸಲಾಗಿದೆ. ಸದರಿ ಪ್ರಮಾಣಪತ್ರವನ್ನು ಕೂಡಲೇ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ಮುಂದಿನ ಪರಿಣಾಮಗಳಿಗೆ ಕಚೇರಿಯು ಜವಾಬ್ದಾರಿಯಲ್ಲ."

ಇದನ್ನು ಓದುವವರಿಗೆ ಎಂಬತ್ತು ದಾಟಿರಬಹುದು. ಹಾಸಿಗೆಯಲ್ಲಿರಬಹುದು. ಔಷಧಿಯ ಖರ್ಚು ಆ ಪಿಂಚಣಿಯಿಂದಲೇ ನಡೆಯುತ್ತಿರಬಹುದು. ಅವರ ತಲೆಯಲ್ಲಿ ಏಳುವ ಮೊದಲ ಪ್ರಶ್ನೆ, ನಿಂತ ಹಣ ಮತ್ತೆ ಸಿಗುತ್ತದೆಯೇ ಎಂಬುದು. ಎರಡನೆಯದು, ಇಷ್ಟು ದೂರ ನಾನು ಹೇಗೆ ಬರಲಿ ಎಂಬುದು. ಪತ್ರ ಎರಡಕ್ಕೂ ಉತ್ತರಿಸುವುದಿಲ್ಲ. ತಿದ್ದಿದ ಕರಡು ಹೀಗಿರಬಹುದು:

"ನಿಮ್ಮ ಈ ವರ್ಷದ ಜೀವಂತ ಪ್ರಮಾಣಪತ್ರ ನಮಗೆ ಇನ್ನೂ ತಲುಪಿಲ್ಲ. ನಿಯಮದಂತೆ ಈ ತಿಂಗಳಿನಿಂದ ಪಿಂಚಣಿಯನ್ನು ತಡೆಹಿಡಿದಿದ್ದೇವೆ. ಪ್ರಮಾಣಪತ್ರ ಬಂದ ಮೇಲೆ ಬಾಕಿ ಹಣವೂ ಸೇರಿ ನಿಮ್ಮ ಖಾತೆಗೆ ಜಮೆಯಾಗುತ್ತದೆ. ನೀವು ಕಚೇರಿಗೆ ಬರಲೇಬೇಕೆಂದಿಲ್ಲ. ಮನೆಯವರ ಸ್ಮಾರ್ಟ್‌ಫೋನಿನಲ್ಲಿ ಮುಖದ ಗುರುತಿನಿಂದ ಸಲ್ಲಿಸಬಹುದು, ಇಲ್ಲವೇ ಅಂಚೆಯವರನ್ನು ಮನೆಗೆ ಕರೆಸಿಕೊಳ್ಳಬಹುದು. ತೊಂದರೆಯಾದರೆ ಈ ಸಂಖ್ಯೆಗೆ ಫೋನ್ ಮಾಡಿ, ವಿಷಯ ನೋಡಿಕೊಳ್ಳುವವರ ಹೆಸರು ಕೆಳಗಿದೆ."

ಈ ಸೌಲಭ್ಯಗಳು ಹೊಸದಾಗಿ ಹುಟ್ಟಿದವಲ್ಲ. ಡಿಜಿಟಲ್ ರೂಪದ ಜೀವನ್ ಪ್ರಮಾಣ್ 2014ರ ನವೆಂಬರಿನಲ್ಲಿ ಆರಂಭವಾಯಿತು. ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಮೂಲಕ ಅಂಚೆಯವರು ಶುಲ್ಕ ಪಡೆದು ಮನೆಗೇ ಬಂದು ಮಾಡಿಕೊಡುವ ಸೇವೆ 2020ರಿಂದ, ಮುಖದ ಗುರುತಿನ ವ್ಯವಸ್ಥೆ 2021ರಿಂದ ಇದೆ. ಆ ಒಂದು ಸಾಲನ್ನು ಪತ್ರದಲ್ಲಿ ಸೇರಿಸದಿರುವುದೇ ಒಣತನ. "ಪ್ರೀತಿಯ ಪಿಂಚಣಿದಾರರೇ" ಎಂದು ಮೇಲೆ ಬರೆದು ಕೆಳಗೆ ಹಳೆಯ ಪತ್ರವನ್ನೇ ಇಟ್ಟರೆ ಇನ್ನೂ ಕೆಟ್ಟದಾಗುತ್ತದೆ. ಮರುಗುವ ವಿಶೇಷಣಗಳು ಬೇಡ. ಓದುವವರ ಮುಂದಿನ ಪ್ರಶ್ನೆಗೆ ಉತ್ತರ ಬರೆಯಿರಿ, ಉಳಿದದ್ದು ಅದರಿಂದಲೇ ಬರುತ್ತದೆ.

ಒಣ ಮಾತು ಬೇಕಾಗುವ ಜಾಗ

ಎಲ್ಲ ಕಡೆಯೂ ಆಪ್ತವಾಗಿರಬೇಕು ಎಂದು ನಾನು ಹೇಳುತ್ತಿಲ್ಲ. ಬೇಡವೆಂದರೂ ಮತ್ತೆ ಮತ್ತೆ ಸಂದೇಶ ಕಳಿಸುವವರಿಗೆ "ನನಗೆ ಇಷ್ಟವಿಲ್ಲ. ಇನ್ನು ಸಂದೇಶ ಕಳಿಸಬೇಡಿ." ಎಂದು ಪೂರ್ಣವಿರಾಮದೊಂದಿಗೇ ಬರೆಯಿರಿ. ಅಲ್ಲಿ "ಬೇಸರ ಮಾಡಿಕೊಳ್ಳಬೇಡಿ, ಆದರೆ" ಎಂದು ಮೆದುಮಾಡಿದರೆ ಅದನ್ನೇ ಬಾಗಿಲೆಂದು ತಿಳಿಯುತ್ತಾರೆ. ಸಾಲ ಕೊಡಲಾಗದಿದ್ದರೆ ಆಗುವುದಿಲ್ಲ ಎಂದು ಬೇಗ ಹೇಳುವುದು, "ನೋಡೋಣ, ಮುಂದಿನ ತಿಂಗಳು" ಎಂದು ಆರು ತಿಂಗಳು ಅಲೆಸುವುದಕ್ಕಿಂತ ದಯೆಯ ಕೆಲಸ. ಹೆಣ್ಣುಮಕ್ಕಳಿಗೆ ಈ ವಿಷಯದಲ್ಲಿ ಹೆಚ್ಚಿನ ಹೊರೆ ಬೀಳುತ್ತದೆ. ಗಂಡಸು ನಾಲ್ಕು ಪದದಲ್ಲಿ ಉತ್ತರಿಸಿದರೆ ಖಡಕ್ ಮನುಷ್ಯ, ಹೆಂಗಸು ಹಾಗೆ ಮಾಡಿದರೆ ಜಂಬ. ಇಂಥ ದೂರು ಬಂದಾಗ ನಿಮ್ಮ ಮಾತನ್ನು ತಿದ್ದಿಕೊಳ್ಳುವ ಮೊದಲು, ಅದೇ ಮಾತು ಗಂಡಸಿನಿಂದ ಬಂದಿದ್ದರೆ ದೂರು ಬರುತ್ತಿತ್ತೇ ಎಂದು ಕೇಳಿಕೊಳ್ಳಿ.

ಕೊನೆಯ ಹಂತ: ಎದುರಿನವರ ಮಾತು ಒಣಗಿದ್ದರೆ

ಇಲ್ಲಿ ಅವಸರದ ತೀರ್ಮಾನ ಬೇಡ. ಮಾತಿನಿಂದ ಭಾವ ಮಾಯವಾಗಲು ದೇಹದ ಕಾರಣಗಳಿರುತ್ತವೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಮುಖದ ಸ್ನಾಯುಗಳು ಬಿಗಿಯಾಗಿ ಮುಖಭಾವ ಕಡಿಮೆಯಾಗುತ್ತದೆ, ದನಿ ಸಣ್ಣದಾಗಿ ಏರಿಳಿತ ಕಳೆದುಕೊಳ್ಳುತ್ತದೆ. "ಅಪ್ಪ ಈಗ ಮೊಮ್ಮಕ್ಕಳನ್ನು ಕಂಡರೂ ನಗುವುದಿಲ್ಲ" ಎಂದು ನೊಂದುಕೊಳ್ಳುವ ಮನೆಯವರಿಗೆ, ಅವರು ಒಳಗೆ ನಗುತ್ತಿರಬಹುದು ಎಂದು ಯಾರೂ ಹೇಳಿರುವುದಿಲ್ಲ. ಕಿವಿ ಮಂದವಾದವರು ಅರ್ಧ ಕೇಳಿಸಿಕೊಂಡು "ಹೂಂ" ಎನ್ನುತ್ತಾರೆ, ಮತ್ತೆ ಮತ್ತೆ "ಏನು?" ಎನ್ನಲು ಅವರಿಗೆ ಸಂಕೋಚ. ಖಿನ್ನತೆಯಲ್ಲಿ ಮಾತು ನಿಧಾನವಾಗುತ್ತದೆ, ಚಿಕ್ಕದಾಗುತ್ತದೆ. ಭಾವವಿದ್ದರೂ ಅದಕ್ಕೆ ಹೆಸರು ಕೊಡಲು ಆಗದವರೂ ಇದ್ದಾರೆ. ಮನೋವೈದ್ಯ ಪೀಟರ್ ಸಿಫ್ನಿಯೋಸ್ 1970ರ ದಶಕದಲ್ಲಿ ಆ ಸ್ಥಿತಿಯನ್ನು ಅಲೆಕ್ಸಿಥೈಮಿಯಾ ಎಂದು ಕರೆದರು. ಇಂಥವರು "ಎದೆ ಭಾರ", "ಹೊಟ್ಟೆಯಲ್ಲಿ ಏನೋ ಆಗುತ್ತಿದೆ" ಎಂದು ದೇಹದ ಮಾತಿನಲ್ಲಿ ಹೇಳುವುದುಂಟು.

ಆದ್ದರಿಂದ ಮೊದಲು ಹೋಲಿಸಿ ನೋಡಿ. ಅವರು ಮೊದಲಿನಿಂದಲೂ ಹೀಗೆಯೇ, ಇಲ್ಲವೇ ಇತ್ತೀಚೆಗೆ ಬದಲಾದರೇ? ನಿಮ್ಮೊಂದಿಗೆ ಮಾತ್ರವೇ, ಎಲ್ಲರೊಂದಿಗೂ ಹೀಗೆಯೇ? ನಿಮ್ಮೊಂದಿಗೆ ಮಾತ್ರ ಎಂದಾದರೆ ನಡುವೆ ಏನೋ ಆಗಿದೆ, ಅದನ್ನು ಕೇಳಬೇಕು. ಎಲ್ಲರೊಂದಿಗೂ ಎಂದಾದರೆ, ಅದೂ ಇತ್ತೀಚೆಗೆ ಎಂದಾದರೆ, ಮೊದಲು ಕಿವಿ, ನಿದ್ದೆ, ಔಷಧಿಗಳ ಬಗ್ಗೆ ವೈದ್ಯರೊಂದಿಗೆ ಮಾತನಾಡಿ.

ಕೇಳುವ ಬಗೆಯೂ ಮುಖ್ಯ. "ಯಾಕೆ ಹೀಗೆ ಮುಖ ಗಂಟು ಹಾಕಿಕೊಂಡಿದ್ದೀಯ?" ಎಂಬುದು ಪ್ರಶ್ನೆಯ ವೇಷದಲ್ಲಿರುವ ದೂರು. ನೀವು ಕಂಡದ್ದನ್ನು ಹೇಳಿ, ಅರ್ಥವನ್ನು ಅವರಿಗೆ ಬಿಡಿ: "ಈ ವಾರ ನಾನು ಏನು ಬರೆದರೂ ನೀನು ಸರಿ ಎಂದಷ್ಟೇ ಬರೆದೆ. ನನ್ನ ಮಾತಿನಿಂದ ಬೇಸರವಾಯಿತೇ, ಅಥವಾ ನಿನಗೇ ಏನಾದರೂ ತೊಂದರೆಯೇ?" ಕೇಳಿದ ಮೇಲೆ ಕಾಯಿರಿ. ತಕ್ಷಣ ಉತ್ತರ ಬರದಿದ್ದರೆ ಇನ್ನೊಂದು ಪ್ರಶ್ನೆ ಸೇರಿಸಬೇಡಿ. ಕೆಲವರಿಗೆ ಎದುರು ಕುಳಿತು ಹೇಳುವುದು ಕಷ್ಟ. ಒಟ್ಟಿಗೆ ನಡೆಯುವಾಗ, ತರಕಾರಿ ಹೆಚ್ಚುವಾಗ, ಬೈಕಿನ ಹಿಂದೆ ಕುಳಿತಾಗ ಹೇಳುತ್ತಾರೆ.

ಮಾತು ಒಣಗುವುದರ ಜೊತೆಗೆ ಊಟ, ನಿದ್ದೆ, ಕೆಲಸದಲ್ಲಿ ಆಸಕ್ತಿಯೂ ಹೋಗಿದ್ದರೆ, "ನಾನಿದ್ದು ಏನು ಪ್ರಯೋಜನ" ಎಂಬಂಥ ಮಾತು ಬಂದಿದ್ದರೆ ತಡಮಾಡಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಸಂಖ್ಯೆಯಲ್ಲಿ ದಿನದ 24 ಗಂಟೆಯೂ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು. ಸ್ವತಃ ಅವರೇ ಕರೆ ಮಾಡಬೇಕೆಂದಿಲ್ಲ. ಹೇಗೆ ಮಾತು ಆರಂಭಿಸಲಿ ಎಂದು ಮನೆಯವರೂ ಗೆಳೆಯರೂ ಕೇಳಬಹುದು.